ಹೆಸರು ತಪ್ಪಿದ ಹೂಗಿಡ

ಮೂವತ್ತಕ್ಕೆ ಮೇಲ್ಪಟ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವರಿಗೆ ಒಂದು ದೋಷ ಅಂಟಿಕೊಳ್ಳುವುದುಂಟು. ಯಾರೇ ಏನೇ ಕೇಳಲಿ, ‘ನಮಗೆ ತಿಳಿಯದು’ ಎಂಬ ಎರಡು ಮಾತು ಅವರ ಬಾಯಿಂದ ಸುಲಭವಾಗಿ ಹೊರಡದು. ಈ ದೋಷ ನಮ್ಮಲ್ಲಿಯೂ ಇರುವುದೆಂದು ತೋರಿಸಿಕೊಟ್ಟದ್ದು ನಮ್ಮ ಅಂಗಳದ ಒಂದು ಹೂಗಿಡ. ಈ ತಿಂಗಳು ಆ ಗಿಡದ ಗುರುತನ್ನೂ ಅದನ್ನು ಬೆಳೆಸುವ ಬಗೆಯನ್ನೂ ವಾಚಕರಿಗೆ ತಿಳಿಸಬೇಕೆಂದಿದ್ದೇವೆ. ಅದರ ಜೊತೆಗೆ ನಾವು ಮಾಡಿದ ತಪ್ಪನ್ನೂ ಮುಚ್ಚಿಡದೆ ಹೇಳುವೆವು. ಏಕೆಂದರೆ ಆ ತಪ್ಪು ಯಾರ ಮನೆಯ ಅಂಗಳದಲ್ಲಿಯಾದರೂ ನಡೆಯತಕ್ಕದ್ದು.

ನಮ್ಮ ಬೆಳ್ಳಟ್ಟಿಯು ಶಿರಹಟ್ಟಿ ತಾಲೂಕಿನ ಬಯಲುಸೀಮೆಯ ಊರು. ಇಲ್ಲಿ ಮಳೆ ಕಡಿಮೆ, ಬೇಸಿಗೆಯ ಗಾಳಿ ಬಿಸಿ, ಕೊಳವೆಬಾವಿಯ ನೀರು ಗಡಸು. ಇಂಥಲ್ಲಿ ಮನೆಯ ಮುಂದೆ ಹಟಹಿಡಿದು ನಿಲ್ಲುವ ಹೂಗಳೆಂದರೆ ಕಣಗಿಲೆ, ದಾಸವಾಳ, ನಂದಿಬಟ್ಟಲು, ಹೆಚ್ಚೆಂದರೆ ದುಂಡುಮಲ್ಲಿಗೆ. ಹೀಗಿರಲು, ಮೂರು ವರ್ಷಗಳ ಹಿಂದೆ ಗದಗಿಗೆ ಹೋದಾಗ, ಸಸಿಗಳನ್ನು ಕೈಗಾಡಿಯಲ್ಲಿಟ್ಟು ಮಾರುತ್ತಿದ್ದವನೊಬ್ಬನ ಬಳಿ ಮೊಳದುದ್ದದ ಗಿಡವೊಂದನ್ನು ಕಂಡು ನಾವು ನಿಂತುಬಿಟ್ಟೆವು. ಅದರ ಒಂದೇ ರೆಂಬೆಯಲ್ಲಿ ಕಡುನೇರಳೆ, ತಿಳಿನೇರಳೆ, ಬಿಳಿ ಹೀಗೆ ಮೂರು ಬಣ್ಣದ ಹೂಗಳಿದ್ದುವು. ‘ಇದು ನೀಲಿ ಪಾರಿಜಾತರಿ’ ಎಂದು ಆತನು ಹೇಳಿದನು. 150 ರೂಪಾಯಿ ಕೊಟ್ಟು ಗಿಡವನ್ನು ತಂದೆವು. ಗಿಡದ ಸಂಗಡ ಹೆಸರನ್ನೂ ತಂದೆವು.

ಆತನು ಕೊಟ್ಟ ಹೆಸರಿಗೆ ನಾವು ಸಂಸ್ಕೃತದ ಒಪ್ಪವಿಟ್ಟೆವು. ಅಮರಕೋಶದ ಮೊದಲ ಕಾಂಡದಲ್ಲಿ ದೇವಲೋಕದ ಐದು ವೃಕ್ಷಗಳನ್ನು ಹೇಳಿರುವರು. ಅವುಗಳಲ್ಲಿ ಪಾರಿಜಾತವೂ ಒಂದು. ಶ್ರೀಕೃಷ್ಣನು ಸತ್ಯಭಾಮೆಗಾಗಿ ಅದನ್ನು ಇಂದ್ರನ ನಂದನದಿಂದ ತಂದ ಕಥೆ ಎಲ್ಲರಿಗೂ ಗೊತ್ತಿದ್ದುದೇ. ಗಿಡ ನೋಡಲು ಬಂದವರಿಗೆಲ್ಲ ನಾವು ಈ ಕಥೆಯನ್ನು ಹೇಳಿ, ತಂದವನು ನೀಲಮೇಘಶ್ಯಾಮನಾದುದರಿಂದ ಹೂವಿನಲ್ಲಿ ನೀಲಿ ಇರುವುದು ಸಹಜವೇ ಎಂದು ನಗಿಸುತ್ತಿದ್ದೆವು. ನಗೆಮಾತು ಓಣಿಯಲ್ಲಿ ಹರಡುತ್ತ ನಿಜವಾಯಿತು. ಮಾಸ್ತರರ ಮನೆಯಲ್ಲಿ ನೀಲಿ ಪಾರಿಜಾತವಿದೆಯೆಂದು ಊರೇ ಹೇಳತೊಡಗಿತು.

ಒಂದು ದಿನ ಬೆಳಿಗ್ಗೆ ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ಕೋಲೂರಿಕೊಂಡು ಬಂದರು. ‘ಮಾಸ್ತರ್ರ, ಪಾರಿಜಾತದ ಎಲಿ ನಾಕ ಕೊಡ್ರಿ. ಕಷಾಯ ಮಾಡಿ ಕುಡದ್ರ ಮೊಣಕಾಲ ನೋವ ಇಳಿತದಂತ’ ಎಂದರು. ಕೀಲುನೋವಿಗೆ ಪಾರಿಜಾತದ ಎಲೆಯ ಕಷಾಯವನ್ನು ಕುಡಿಯುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ‘ನಾಕ್ಯಾಕ ಅವ್ವಾರ, ಹತ್ತ ಒಯ್ರಿ’ ಎನ್ನುತ್ತ ನಾವು ಎಲೆ ಕಿತ್ತು ಅವರ ಸೆರಗಿಗೆ ಹಾಕತೊಡಗಿದೆವು. ಐದನೆಯ ಎಲೆಯೋ ಆರನೆಯ ಎಲೆಯೋ ಬೆರಳ ನಡುವೆ ಜಾರಿತು. ಎಲೆ ನುಣುಪಾಗಿತ್ತು, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಆಗ ನಮಗೆ ಪಾರಿಜಾತದ ಇನ್ನೊಂದು ಹೆಸರು ನೆನಪಾಯಿತು: ಖರಪತ್ರಕ. ಎಂದರೆ, ಒರಟಾದ ಎಲೆಯುಳ್ಳದ್ದು. ಹೌದಷ್ಟೆ! ಪಾರಿಜಾತದ ಎಲೆ ಉಪ್ಪುಕಾಗದದಂತೆ ಬೆರಳಿಗೆ ತರಕಾಗಿ ಹತ್ತುವುದು. ಹಳೆಯ ಶಿವಾಲಯಗಳ ಅಂಗಳದಲ್ಲಿ ಅದನ್ನು ಎಷ್ಟು ಸಲ ಮುಟ್ಟಿರಲಿಕ್ಕಿಲ್ಲ! ಹೆಸರನ್ನು ಬಾಯಿಪಾಠ ಮಾಡಿದ್ದ ನಾವು ಆ ಹೆಸರು ಏನನ್ನು ಹೇಳುತ್ತದೆಯೆಂಬುದನ್ನು ಮಾತ್ರ ನೋಡಿರಲಿಲ್ಲ.

‘ತಡೀರಿ ಅವ್ವಾರ, ಈ ಎಲಿ ಒಯ್ಯಬ್ಯಾಡ್ರಿ. ಇದು ಪಾರಿಜಾತ ಅಲ್ಲಂತ ಕಾಣಸ್ತದ’ ಎಂದೆವು. ಅವರು ನಮ್ಮ ಮುಖವನ್ನೇ ನೋಡಿದರು. ‘ಮತ್ತ ನೀವ ಹೇಳಿದ್ರೆಲ್ಲರಿ? ಮಾಸ್ತರು ಹೇಳಿದ ಮ್ಯಾಲ ಖರೇನ ಇರಬೇಕಂತ ನಾ ಬಂದೆ’ ಎಂದರು. ಸಿಟ್ಟಿನಿಂದ ಆಡಿದ ಮಾತಲ್ಲ. ಆದರೂ ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೆರಗಿನಲ್ಲಿ ಬಿದ್ದಿದ್ದ ಎಲೆಗಳನ್ನು ಒಂದೂ ಬಿಡದಂತೆ ಎಣಿಸಿ ಹಿಂದಕ್ಕೆ ತೆಗೆದುಕೊಂಡೆವು.

ಆ ದಿನವೇ ಗಿಡದ ಮುಂದೆ ಕುಳಿತು, ಪುಸ್ತಕವನ್ನು ಬದಿಗಿಟ್ಟು, ಕಂಡುದನ್ನು ಕಂಡಂತೆ ಬರೆದುಕೊಂಡೆವು. ಪಾರಿಜಾತದ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇರುವುವು. ಇದರ ಎಲೆಗಳು ಒಂದಾದ ಮೇಲೊಂದು ಪರ್ಯಾಯವಾಗಿ ಹುಟ್ಟಿವೆ. ಪಾರಿಜಾತದ ಎಳೆಯ ಟೊಂಗೆ ನಾಲ್ಕು ಮೂಲೆಯದು; ಇದರ ಟೊಂಗೆ ದುಂಡು. ಪಾರಿಜಾತದ ಹೂ ಸಂಜೆ ಅರಳಿ ನಸುಕಿನಲ್ಲಿ ಉದುರುವುದು. ಇದರ ಹೂ ಮೂರು ದಿನ ಗಿಡದ ಮೇಲೆಯೇ ಇರುವುದು. ಪಾರಿಜಾತದ ಹೂವಿನ ತೊಟ್ಟು ಕೇಸರಿ ಬಣ್ಣದ್ದು. ಇದರಲ್ಲಿ ಕೇಸರಿಯ ಸುಳಿವೇ ಇಲ್ಲ, ಬದಲಿಗೆ ಐದು ಅಗಲವಾದ ಎಸಳುಗಳ ನಡುವೆ ಕೊಳವೆಯ ಬಾಯಲ್ಲಿ ಒಂದು ಚಿಕ್ಕ ಬಿಳಿಯ ಕಣ್ಣು. ಟೊಂಗೆ ಮುರಿದರೆ ಹಾಲು ಬರುವುದಿಲ್ಲವಾದುದರಿಂದ ನಂದಿಬಟ್ಟಲಿನ ಬಳಗವೂ ಇದಲ್ಲ. ಮುಳ್ಳಿಲ್ಲ, ಬಳ್ಳಿಯಾಗಿ ಹಬ್ಬುವುದೂ ಇಲ್ಲ.

ಬಣ್ಣ ಬದಲಿಸುವ ಹೂಗಳು ಬೇರೆಯೂ ಉಂಟು. ಸ್ಥಲಪದ್ಮವೆಂದು ಸಂಸ್ಕೃತದಲ್ಲಿ ಹೇಳುವ ಗಿಡದ ಹೂ ಬೆಳಿಗ್ಗೆ ಬೆಳ್ಳಗಿದ್ದು ಸಂಜೆಗೆ ಕೆಂಪಾಗುವುದು. ರಂಗೂನ್ ಬಳ್ಳಿಯ ಹೂವೂ ಬಿಳುಪಿನಿಂದ ಕೆಂಪಿಗೆ ಹೋಗುವುದು. ನಮ್ಮ ಗಿಡದ ನಡೆ ಇದಕ್ಕೆ ತಿರುಗಾಮುರುಗ, ಕಡುಬಣ್ಣದಿಂದ ಬಿಳುಪಿಗೆ. ಈ ಗುರುತುಗಳನ್ನೆಲ್ಲ ಬರೆದು, ಗಿಡದ ಚಿತ್ರಗಳೊಡನೆ, ಧಾರವಾಡದಲ್ಲಿ ಸಸ್ಯಶಾಸ್ತ್ರವನ್ನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಗೆ ಮೊಬೈಲಿನಲ್ಲಿ ಕಳಿಸಿದೆವು. ಸಂಜೆಯೊಳಗೆ ಉತ್ತರ ಬಂದಿತು: ಬ್ರನ್‌ಫೆಲ್ಸಿಯಾ ಪೌಸಿಫ್ಲೋರಾ, ಜನರು ಕರೆಯುವುದು ‘ನಿನ್ನೆ ಇಂದು ನಾಳೆ’ ಎಂದು, ಹುಟ್ಟೂರು ದಕ್ಷಿಣ ಅಮೇರಿಕದ ಬ್ರಾಜಿಲ್. ಅದರ ಕೆಳಗೆ ಇನ್ನೊಂದು ಸಾಲು: ‘ಸರ್, ಇದು ವಿಷದ ಗಿಡ. ಯಾರೂ ತಿನ್ನದಂತೆ ನೋಡಿಕೊಳ್ಳಿರಿ.’ ಆ ಸಾಲನ್ನು ಓದಿದಾಗ ನಮ್ಮ ಕೈ ತಣ್ಣಗಾಯಿತು. ಸೆರಗಿನಿಂದ ಎಣಿಸಿ ತೆಗೆದ ಎಲೆಗಳು ಕಣ್ಣ ಮುಂದೆ ಬಂದುವು.

ಬ್ರಾಜಿಲಿನ ಗಿಡವನ್ನು ಅಮರಕೋಶದಲ್ಲಿ ಹುಡುಕುವುದು ಎಷ್ಟು ವ್ಯರ್ಥವೆಂಬುದು ಈಗ ವಾಚಕರಿಗೆ ಹೊಳೆದಿರಬಹುದು. ಈ ಗಿಡವು ಬದನೆಯ ಕುಟುಂಬಕ್ಕೆ ಸೇರಿದುದು. ಆ ಕುಟುಂಬದಲ್ಲಿ ಬದನೆ, ದತ್ತೂರಿ, ಅಶ್ವಗಂಧ ಮೊದಲಾದುವು ನಮ್ಮ ಹಿಂದಿನವರಿಗೆ ತಿಳಿದಿದ್ದುವು. ಆದರೆ ಅದೇ ಕುಟುಂಬದ ಮೆಣಸಿನಕಾಯಿ, ಬಟಾಟೆ, ಟೊಮೇಟೊ, ತಂಬಾಕು ಇವೆಲ್ಲ ಅಮೇರಿಕದಿಂದ ಕಡಲು ದಾಟಿ ಬಂದುವು. ನಾವು ದಿನವೂ ರೊಟ್ಟಿಗೆ ಹಚ್ಚಿಕೊಳ್ಳುವ ರಂಜಕದ ಕೆಂಪು ಮೆಣಸಿನಕಾಯಿಗೂ ಅಮರಕೋಶದಲ್ಲಿ ಹೆಸರಿಲ್ಲ. ಅದರಿಂದ ಕೋಶಕ್ಕೆ ಕೊರತೆಯಿಲ್ಲ. ಇಲ್ಲದುದನ್ನು ಇದೆಯೆಂದು ಹೇಳುವ ನಮ್ಮಂಥವರಿಂದಲೇ ಅದಕ್ಕೆ ಕೆಟ್ಟ ಹೆಸರು.

ಈ ಗಿಡಕ್ಕೆ ಯಾರ ಹೆಸರು ಅಂಟಿಕೊಂಡಿರುವುದೆಂಬುದನ್ನು ತಿಳಿದ ಮೇಲೆ ನಮ್ಮ ನಾಚಿಕೆ ಸ್ವಲ್ಪ ಹಗುರಾಯಿತು. ಓಟೋ ಬ್ರನ್‌ಫೆಲ್ಸ್ ಎಂಬಾತನು ಸುಮಾರು 1488ರಲ್ಲಿ ಜರ್ಮನಿಯ ಮೈಂಟ್ಸ್ ಪಟ್ಟಣದ ಬಳಿ ಹುಟ್ಟಿದವನು. ಮೊದಲು ಕ್ರೈಸ್ತ ಮಠದ ಸನ್ಯಾಸಿ. ಮಠವನ್ನು ಬಿಟ್ಟ ಮೇಲೆ ಸ್ಟ್ರಾಸ್‌ಬುರ್ಗ್ ನಗರದಲ್ಲಿ ಶಾಲೆಯ ಮಾಸ್ತರ. ಕೊನೆಗೆ ಬೆರ್ನ್ ನಗರದ ವೈದ್ಯನಾಗಿ 1534ರಲ್ಲಿ ತೀರಿಕೊಂಡನು. 1530ರಿಂದ ಪ್ರಕಟವಾದ ಅವನ ಸಸ್ಯಗ್ರಂಥಕ್ಕೆ ಹಾನ್ಸ್ ವೈಡಿಟ್ಸ್ ಎಂಬ ಚಿತ್ರಗಾರನು ಗಿಡಗಳನ್ನು ಎದುರಿಗಿಟ್ಟುಕೊಂಡು ಬರೆದನು. ಬಾಡಿದ ಎಲೆಯನ್ನು ಬಾಡಿದಂತೆ, ಹುಳು ತಿಂದ ಎಲೆಯನ್ನು ತಿಂದಂತೆಯೇ ತೋರಿಸಿದನು. ಆದರೆ ಬ್ರನ್‌ಫೆಲ್ಸ್ ಮಾಸ್ತರನ ಕಣ್ಣು ಗ್ರೀಕರ ಹಳೆಯ ವೈದ್ಯಗ್ರಂಥಗಳ ಮೇಲೆಯೇ. ರೈನ್ ನದಿಯ ಸೀಮೆಯ ಗಿಡಗಳಿಗೆ ಮೆಡಿಟರೇನಿಯನ್ ಸೀಮೆಯ ಹಳೆಯ ಹೆಸರುಗಳನ್ನು ಹೊಂದಿಸಲು ಆತನು ಬಹಳ ಹೆಣಗಿದನು. ಹಳೆಯ ಗ್ರಂಥದಲ್ಲಿ ಹೆಸರು ಸಿಕ್ಕದ ಗಿಡಗಳನ್ನು ‘ಬತ್ತಲೆ ಗಿಡಗಳು’ ಎಂದು ಕರೆದು, ಮನಸ್ಸಿಲ್ಲದ ಮನಸ್ಸಿನಿಂದ ಗ್ರಂಥದಲ್ಲಿ ಸೇರಿಸಿದನು. ಇಂದು ಆ ಪುಸ್ತಕವನ್ನು ಜನರು ನೆನೆಯುವುದು ಬರವಣಿಗೆಗಿಂತ ಹೆಚ್ಚಾಗಿ ಕಂಡಂತೆ ಬರೆದ ಆ ಚಿತ್ರಗಳಿಗಾಗಿ. ಮುಂದೆ ಪ್ಲೂಮಿಯೆ ಎಂಬ ಫ್ರೆಂಚ್ ಸನ್ಯಾಸಿಯು 1703ರಲ್ಲಿ ಅಮೇರಿಕದ ಒಂದು ಸಸ್ಯಕುಲಕ್ಕೆ ಅವನ ಹೆಸರಿಟ್ಟನು. ಲಿನ್ನೇಯಸನು 1753ರಲ್ಲಿ ಅದನ್ನೇ ಉಳಿಸಿದನು. ನಾವು ಮಾಡಿದ ತಪ್ಪನ್ನು ಐನೂರು ವರ್ಷದ ಹಿಂದೆಯೇ ಮಾಡಿದ ಒಬ್ಬ ಮಾಸ್ತರನ ಹೆಸರಿನ ಗಿಡವು ನಮ್ಮ ಅಂಗಳಕ್ಕೇ ಬಂದು ನಿಂತಿತಲ್ಲಾ ಎಂದು ಸೋಜಿಗಪಟ್ಟೆವು.

ಬಣ್ಣದ ಗುಟ್ಟೇನೆಂದರೆ, ಮೊಗ್ಗಿನಲ್ಲಿ ಆಂಥೋಸಯನಿನ್ ಎಂಬ ನೇರಳೆ ಬಣ್ಣದ ದ್ರವ್ಯ ತುಂಬಿರುವುದು. ಹೂ ಅರಳಿದ ಮೇಲೆ ಹೂವೇ ಆ ದ್ರವ್ಯವನ್ನು ಒಡೆದು ಕರಗಿಸುವುದು. ಆದುದರಿಂದ ಇದು ಬಿಸಿಲಿಗೆ ಬಟ್ಟೆಯ ಬಣ್ಣ ಹೋಗುವಂಥ ಮಾತಲ್ಲ. ದಿನವೂ ಹೊಸ ಹೂ ಅರಳುತ್ತಿರುವುದರಿಂದ ನಿನ್ನೆಯದು, ಇಂದಿನದು, ನಾಳೆ ಉದುರುವುದು ಇವೆಲ್ಲ ಒಂದೇ ರೆಂಬೆಯಲ್ಲಿ ಕಾಣಿಸುವುವು. ‘ಪೌಸಿಫ್ಲೋರಾ’ ಎಂದರೆ ಅಲ್ಪಪುಷ್ಪೆ ಎಂದರ್ಥ. ಆದರೆ ಒಗ್ಗಿದ ಗಿಡವು ಎಲೆ ಮರೆಯಾಗುವಷ್ಟು ಹೂ ಬಿಡುವುದು. ಇದೇ ಕುಲದ ಆಸ್ಟ್ರೇಲಿಸ್ ಎಂಬ ಜಾತಿಯೂ ಮನೆಗಳಲ್ಲಿ ಬೆಳೆಯುವುದುಂಟು; ಅದರ ಹೂ ಚಿಕ್ಕದು, ಕಂಪು ಹೆಚ್ಚು.

ಇನ್ನು ಬೆಳೆಸುವ ವಿಚಾರ. ಚಳಿಯ ದೇಶಗಳಲ್ಲಿ ಇದನ್ನು ಕೋಮಲವಾದ ಗಿಡವೆಂದು ಹೇಳುವರು. ಹಿಮ ಬಿದ್ದರೆ ಅದು ತಾಳದು. ನಮ್ಮಲ್ಲಿ ಹಿಮದ ಭಯವಿಲ್ಲ. ನಮ್ಮ ಬಿಸಿಗಾಳಿಯೂ ಸುಣ್ಣದ ನೀರೂ ಅದಕ್ಕೆ ಹಿಮಕ್ಕೆ ಸಮಾನ. ಮೊದಲ ವರ್ಷ ನಮ್ಮ ಗಿಡವು ಹೂ ಬಿಡುವುದಿರಲಿ, ಹೊಸದಾಗಿ ಚಿಗುರಿದ ಎಲೆಗಳೇ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದುವು. ಗೊಬ್ಬರ ಸಾಲದೆಂದು ಭಾವಿಸಿ ಒಲೆಯ ಬೂದಿಯನ್ನು ಹಾಕಿದೆವು. ಹಳದಿ ಇನ್ನೂ ಹೆಚ್ಚಿತು. ಕಾರಣವು ತಡವಾಗಿ ತಿಳಿಯಿತು. ಈ ಗಿಡಕ್ಕೆ ಸ್ವಲ್ಪ ಹುಳಿಗುಣದ ಮಣ್ಣು ಬೇಕು. ನಾವು ಅದನ್ನು ನೆಟ್ಟದ್ದು ವರ್ಷವರ್ಷ ಸುಣ್ಣ ಬಳಿಯುವ ಗೋಡೆಯ ಬುಡದಲ್ಲಿ. ಹಾಕಿದ್ದು ಗಡಸು ನೀರು. ಮೇಲೆ ಬೂದಿ ಬೇರೆ. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ಹಳೆಯ ಎಲೆ ಮೊದಲು ಹಳದಿಯಾದರೆ ಗೊಬ್ಬರದ ಕೊರತೆಯಿರಬಹುದು. ಹೊಸ ಎಲೆ ಹಳದಿಯಾಗಿ ನರ ಹಸುರಾಗಿದ್ದರೆ ಕಬ್ಬಿಣದ ಕೊರತೆ ಎಂಬುದನ್ನು ನಮ್ಮ ಸೋದರಿಯರು ನೆನಪಿಡಬೇಕು. ಮಲ್ಲಿಗೆ, ನಿಂಬೆಯ ಗಿಡಗಳಿಗೂ ಈ ಗುರುತು ಉಪಯೋಗಕ್ಕೆ ಬರುವುದು.

ಮದ್ದು ಸುಲಭ. ಅಂಗಡಿಯಲ್ಲಿ ಅನ್ನಭೇದಿಯೆಂದು ಸಿಕ್ಕುವ ಹಸುರು ಹರಳು ಕಬ್ಬಿಣದ ಲವಣವೇ ಆಗಿರುವುದು. 1 ಲೀಟರು ಮಳೆನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ನಿಂಬೆಹುಳಿಯ ಪುಡಿ ಬೆರೆಸಿ, ಸಂಜೆ ಹೊತ್ತಿನಲ್ಲಿ ಎಲೆಗಳ ಮೇಲೆ ಸಿಂಪಡಿಸಬೇಕು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಮಾಡಬೇಕು. ನೆಲಕ್ಕೂ ಬಟ್ಟೆಗೂ ತುಕ್ಕಿನ ಕಲೆ ಹತ್ತುವುದರಿಂದ ಜೋಕೆ. ಆದರೆ ಇದು ತಾತ್ಕಾಲಿಕ; ಮಣ್ಣು ಸುಧಾರಿಸದೆ ಗಿಡ ಸುಧಾರಿಸದು. ನಾವು ಮಳೆಗಾಲದಲ್ಲಿ ಗಿಡವನ್ನು ಬೇರಿನ ಮಣ್ಣಿನ ಸಮೇತ ಎತ್ತಿ, ಗೋಡೆಯಿಂದ ದೂರ, ಬೇವಿನ ಮರದ ಪೂರ್ವಕ್ಕೆ ನೆಟ್ಟೆವು. ಅಲ್ಲಿ ಬೆಳಗಿನ ಎಳೆಬಿಸಿಲು ಸಿಕ್ಕುವುದು, ಮಧ್ಯಾಹ್ನದ ಉರಿ ತಟ್ಟದು. ಒಂದೂವರೆ ಅಡಿಯ ಕುಣಿ ತೋಡಿ, ಎರಡು ಪಾಲು ಮಸಾರಿ ಮಣ್ಣು, ಎರಡು ಪಾಲು ಕೊಳೆತ ಎಲೆಯ ಗೊಬ್ಬರ, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ ತುಂಬಿದೆವು. ಎರೆಮಣ್ಣಿನವರು ಕುಂಡದಲ್ಲಿ ಬೆಳೆಸುವುದೇ ಲೇಸು; ಎರೆಯಲ್ಲಿ ನೀರು ನಿಂತು ಬೇರು ಕೊಳೆಯುವುದು.

ನೀರು ಹದವಾಗಿರಬೇಕು; ಮೇಲುಮಣ್ಣು ಒಣಗಿದುದನ್ನು ಬೆರಳಿನಿಂದ ನೋಡಿ ಹಾಕಬೇಕು. ಮಾಳಿಗೆಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟರೆ ಎಷ್ಟೋ ವಾರ ಒದಗುವುದು. ಬುಡಕ್ಕೆ ಒಣಗಿದ ಎಲೆಗಳನ್ನು ಹೊದಿಸಬೇಕು. ಕಾಂಡಕ್ಕೆ ಮಾತ್ರ ತಾಗಿಸಬಾರದು. ಚೈತ್ರ ವೈಶಾಖಗಳಲ್ಲಿ ಗಾಳಿ ಬೀಸುವ ಕಡೆಗೆ ಗೋಣಿತಟ್ಟಿನ ಮರೆ ಕಟ್ಟಿದರೆ ಚಿಗುರು ಸುಡುವುದಿಲ್ಲ. ಹೊಸ ಚಿಗುರಿನ ತುದಿಯಲ್ಲಿ ಹೂ ಬರುವುದಾದುದರಿಂದ, ಹೂವಿನ ಸುಗ್ಗಿ ಮುಗಿದ ಕೂಡಲೆ ತುದಿಗಳನ್ನು ಹಗುರಾಗಿ ಕತ್ತರಿಸಬೇಕು. ಇದು ನಿಧಾನವಾಗಿ ಬೆಳೆಯುವ ಗಿಡ. ಐದಾರು ಅಡಿಯಾಗಲು ವರ್ಷಗಳೇ ಬೇಕು. ಹೊಸ ಗಿಡ ಮಾಡಲು ಮಳೆಗಾಲದಲ್ಲಿ ಅರೆಬಲಿತ ಟೊಂಗೆಯ ಗೇಣುದ್ದದ ತುಂಡನ್ನು ನೆರಳಿನಲ್ಲಿ ಊರಿ ತಾಳ್ಮೆಯಿಂದ ಕಾಯಬೇಕು. ಬೇರು ಬಿಡಲು ಎರಡು ತಿಂಗಳಾದರೂ ಹಿಡಿಯುವುದು. ಗೂಟಿ ಕಟ್ಟಿದರೂ ಆಗುವುದು.

ವಿಷದ ಮಾತನ್ನು ಕೊನೆಯಲ್ಲಿ ಹೇಳುತ್ತಿದ್ದರೂ ಅದೇ ಮುಖ್ಯವಾದುದು. ಎಲೆ, ತೊಗಟೆ, ಬೇರು, ಕಾಯಿ, ಬೀಜ ಎಲ್ಲವೂ ವಿಷ. ಕಾಯಿ ಬೀಜಗಳಲ್ಲಿ ಹೆಚ್ಚು. ತಿಂದ ನಾಯಿಗಳು ವಾಂತಿ ಮಾಡಿ, ನಡುಗಿ, ಕಾಲು ಸೆಟೆದು ಸತ್ತುದುಂಟು. ಬ್ರಾಜಿಲಿನಲ್ಲಿ ಈ ಕುಲದ ಒಂದು ಗಿಡದ ಬೇರನ್ನು ಅಲ್ಲಿಯ ನಾಟಿವೈದ್ಯರು ಔಷಧಕ್ಕೆ ಬಳಸಿದರು. ಆದರೆ ಅದು ತಲೆಮಾರುಗಳಿಂದ ಆ ಗಿಡವನ್ನು ಬಲ್ಲವರ ಮಾತು. ನಾವು ಅದರ ಹತ್ತಿರ ಹೋಗಬಾರದು. ಗಿಡದ ಬಳಿ ಆಡು, ಕರು, ನಾಯಿ ಬಾರದಂತೆ ಬೇಲಿ ಇರಲಿ. ಕಾಯಿ ಕಟ್ಟಿದರೆ ಕಿತ್ತು ಹೂಳಬೇಕು. ಕತ್ತರಿಸಿದ ಟೊಂಗೆಗಳನ್ನು ದನದ ಮೇವಿನ ಹತ್ತಿರ ಹಾಕಬಾರದು. ಮಕ್ಕಳಾಗಲಿ ದೊಡ್ಡವರಾಗಲಿ ತಿಂದರೆಂದು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ, ಎಲೆಯೊಂದನ್ನು ಜೊತೆಗೆ ಹಿಡಿದು ಆಸ್ಪತ್ರೆಗೆ ಒಯ್ಯಬೇಕು.

ಅಪರಿಚಿತ ಗಿಡವು ಮನೆಗೆ ಬಂದಾಗ ಅದರ ಹೆಸರನ್ನು ಕೇಳುವ ಮೊದಲು ಅದನ್ನು ನೋಡೋಣ. ಎಲೆ ಜೋಡಿಯೋ ಪರ್ಯಾಯವೋ, ನುಣುಪೋ ಒರಟೋ. ಟೊಂಗೆ ದುಂಡೋ ಮೂಲೆಯೋ. ಹಾಲು ಬರುವುದೋ ಇಲ್ಲವೋ. ಹೂವಿಗೆ ಎಸಳೆಷ್ಟು, ಯಾವ ಹೊತ್ತಿಗೆ ಅರಳುವುದು. ಇಷ್ಟನ್ನು ಬರೆದುಕೊಂಡು ಬಲ್ಲವರನ್ನು ಕೇಳಿದರೆ ಅರ್ಧ ಕೆಲಸ ಆದಂತೆಯೇ. ಹೆಸರು ಗೊತ್ತಾಗುವ ತನಕ ಅದು ಕಣ್ಣಿಗೆ ಮಾತ್ರ ಇರಲಿ, ಬಾಯಿಗೆ ಬೇಡ. ಮಾರುವವನು ಹೇಳಿದ ಹೆಸರು ಸಾಲದು; ಮಾಸ್ತರು ಹೇಳಿದ ಹೆಸರೂ ಸಾಲದು.

ಈ ವರ್ಷ ಮೊದಲ ದೊಡ್ಡ ಮಳೆಯಾದ ಮೇಲೆ ನಮ್ಮ ಗಿಡವು ಮೈತುಂಬ ಅರಳಿತು. ಕೆಳಗೆ ತಗಡಿನ ತುಂಡೊಂದರ ಮೇಲೆ ‘ನಿನ್ನೆ ಇಂದು ನಾಳೆ. ತಿನ್ನಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ನಿಲ್ಲಿಸಿದ್ದೇವೆ. ಓಣಿಯ ಆ ಹಿರಿಯರು ವೈದ್ಯರ ಔಷಧ ತೆಗೆದುಕೊಳ್ಳುತ್ತಿರುವರು. ಕೋಲು ಇನ್ನೂ ಕೈಯಲ್ಲಿಯೇ ಇದೆ. ಮೊನ್ನೆ ಬಂದು ಹೂಗಳನ್ನು ಬಹಳ ಹೊತ್ತು ನೋಡಿದರು. ಹೋಗುವಾಗ ಅಂಗಳದ ಮೂಲೆಯ ಬೇರೊಂದು ಹೊಸ ಸಸಿಯನ್ನು ಕೋಲಿನಿಂದ ತೋರಿಸಿ, ‘ಇದ್ಯಾವ ಗಿಡರಿ ಮಾಸ್ತರ್ರ?’ ಎಂದು ಕೇಳಿದರು.

‘ಇನ್ನೂ ಗೊತ್ತಿಲ್ಲರಿ ಅವ್ವಾರ’ ಎಂದೆವು.